ಖಿನ್ನತೆಗೆ ಕೆಟಮಿನ್: ಮದ್ದಿನ ಗುಣವೋ, ನಿರೀಕ್ಷೆಯ ಬಲವೋ?

ಬೆಂಗಳೂರು: ಖಿನ್ನತೆಗೆ ಮೊದಲ ಬಾರಿ ಗುಳಿಗೆ ಬರೆದುಕೊಡುವ ಮನೋವೈದ್ಯರು ತಪ್ಪದೆ ಹೇಳುವ ಮಾತೊಂದಿದೆ: 'ಎರಡು ಮೂರು ವಾರ ತಾಳಿ, ಆಮೇಲೆ ಗುಣ ಕಾಣುತ್ತದೆ'. ಬದುಕೇ ಬೇಡವೆನಿಸಿದವರಿಗೆ ಮೂರು ವಾರ ಸಣ್ಣ ಅವಧಿಯಲ್ಲ. ತಾಳಿದವರೆಲ್ಲರೂ ಗುಣ ಹೊಂದುತ್ತಾರೆಂಬ ಭರವಸೆಯೂ ಇಲ್ಲ. ಅಮೆರಿಕದಲ್ಲಿ ಸುಮಾರು 4 ಸಾವಿರ ರೋಗಿಗಳನ್ನು ಒಳಗೊಂಡು 2006ರಲ್ಲಿ ಪ್ರಕಟವಾದ 'ಸ್ಟಾರ್-ಡಿ' ಅಧ್ಯಯನದಲ್ಲಿ, ಮೊದಲ ಔಷಧದಿಂದಲೇ ಚೇತರಿಸಿಕೊಂಡವರು ಮೂರನೇ ಒಂದು ಭಾಗದಷ್ಟು ಮಾತ್ರ.

ಕೆಟಮಿನ್ ಕುರಿತ ಸಂಶೋಧನೆ ಆಸೆ ಹುಟ್ಟಿಸಿದ್ದು ಈ ಕಾರಣಕ್ಕೆ. ಇದು 1970ರಿಂದ ಅರಿವಳಿಕೆಯಾಗಿ ಬಳಕೆಯಲ್ಲಿರುವ ಅಗ್ಗದ ಔಷಧ. ಹಳೆಯ ಗುಳಿಗೆಗಳು ಮುಖ್ಯವಾಗಿ ಮಿದುಳಿನ ಸೆರೊಟೋನಿನ್ ರಾಸಾಯನಿಕವನ್ನು ನೆಚ್ಚಿಕೊಂಡಿದ್ದರೆ, ಕೆಟಮಿನ್ ಗ್ಲುಟಮೇಟ್ ಎಂಬ ಬೇರೊಂದು ರಾಸಾಯನಿಕದ ಮಾರ್ಗದಲ್ಲಿ ಕೆಲಸ ಮಾಡುತ್ತದೆ. 2006ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಬೇರೆ ಔಷಧಗಳಿಗೆ ಜಗ್ಗದ 18 ರೋಗಿಗಳಿಗೆ ಇದನ್ನು ನೀಡಿದಾಗ, ಒಂದೇ ದಿನದಲ್ಲಿ ಶೇ 71ರಷ್ಟು ಮಂದಿಯಲ್ಲಿ ಸುಧಾರಣೆ ಕಂಡುಬಂತು. ಇದೇ ಕುಲದ ಎಸ್ಕೆಟಮಿನ್ ಮೂಗಿನ ಸ್ಪ್ರೇಗೆ ಅಲ್ಲಿನ ಔಷಧ ನಿಯಂತ್ರಕರು 2019ರಲ್ಲಿ ಅನುಮತಿ ನೀಡಿದರು.

ಆದರೆ ತೊಡಕೊಂದಿದೆ. ಕೆಟಮಿನ್ ಪಡೆದವರಿಗೆ ದೇಹವೇ ತೇಲಿದಂತಾಗುತ್ತದೆ. ತನಗೆ ಸಿಕ್ಕಿದ್ದು ನಿಜವಾದ ಮದ್ದೋ ಹುಸಿಮದ್ದೋ ಎಂಬುದು ರೋಗಿಗೆ ಗೊತ್ತಾಗಿಬಿಟ್ಟರೆ ಪ್ರಯೋಗದ ಗುಟ್ಟು ಉಳಿಯುವುದಾದರೂ ಹೇಗೆ?

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವೈದ್ಯರು ಇದಕ್ಕೊಂದು ಜಾಣ ಉಪಾಯ ಹೂಡಿದರು. ಬೇರೆ ಕಾರಣಕ್ಕೆ ಶಸ್ತ್ರಚಿಕಿತ್ಸೆಗೆ ಬಂದಿದ್ದ, ಖಿನ್ನತೆಯೂ ಇದ್ದ 40 ಮಂದಿಗೆ ಪ್ರಜ್ಞೆ ತಪ್ಪಿಸಿದ ನಂತರವೇ ಕೆಲವರಿಗೆ ಕೆಟಮಿನ್, ಉಳಿದವರಿಗೆ ಬರಿಯ ಲವಣಜಲ ನೀಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶ ಅಚ್ಚರಿ ಮೂಡಿಸಿತು. ಎರಡೂ ಗುಂಪಿನವರು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ, ಅದೂ ಗಣನೀಯವಾಗಿ, ಸುಧಾರಿಸಿದ್ದರು.

ಹಾಗೆಂದು ಕೆಟಮಿನ್ ಅನ್ನು ತಳ್ಳಿಹಾಕುವುದು ಅವಸರವಾದೀತು. 40 ಸಣ್ಣ ಸಂಖ್ಯೆ. ಅರಿವಳಿಕೆಯ ಇತರ ಔಷಧಗಳೂ ಪರಿಣಾಮ ಬೀರಿರಬಹುದು. ಅದೇ ವರ್ಷ ಡಾ. ಅಮಿತ್ ಆನಂದ್ ನೇತೃತ್ವದ ತಂಡ, ಭ್ರಮೆಯ ಲಕ್ಷಣಗಳಿಲ್ಲದ ತೀವ್ರ ಖಿನ್ನತೆಯಲ್ಲಿ ಕೆಟಮಿನ್ ಅನ್ನು ವಿದ್ಯುತ್ ಚಿಕಿತ್ಸೆಯೊಂದಿಗೆ ಹೋಲಿಸಿತ್ತು. ಕೆಟಮಿನ್ ಪಡೆದವರಲ್ಲಿ ಶೇ 55, ವಿದ್ಯುತ್ ಚಿಕಿತ್ಸೆ ಪಡೆದವರಲ್ಲಿ ಶೇ 41ರಷ್ಟು ಮಂದಿ ಸ್ಪಂದಿಸಿದ್ದರು. ಆದರೆ ಇಲ್ಲಿಯೂ ಯಾರಿಗೆ ಯಾವ ಚಿಕಿತ್ಸೆ ಎಂಬುದು ಎಲ್ಲರಿಗೂ ತಿಳಿದಿತ್ತು ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಮಟ್ಟಿಗೆ ಹೆಚ್ಚು ಮುಖ್ಯವಾದುದು ಲವಣಜಲ ಪಡೆದವರ ಕಥೆ. ಅವರಿಗೆ ಮದ್ದು ಸಿಗಲಿಲ್ಲ; ಆದರೆ ವಿಚಾರಿಸುವವರಿದ್ದರು, ಗುಣವಾಗುವ ನಿರೀಕ್ಷೆಯಿತ್ತು. ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಖಿನ್ನತೆಯಿಂದ ಬಳಲುವ 100 ಮಂದಿಯಲ್ಲಿ ಸುಮಾರು 85 ಮಂದಿ ಚಿಕಿತ್ಸೆಯಿಂದಲೇ ಹೊರಗಿದ್ದರು. ಅಂಥವರನ್ನು ವಿಚಾರಿಸುವವರು ಯಾರು? ಎಸ್ಕೆಟಮಿನ್ ಪಡೆದ ರೋಗಿಯ ಮೇಲೆ ಕನಿಷ್ಠ ಎರಡು ಗಂಟೆ ಕಾಲ ನಿಗಾ ಇರಿಸಬೇಕೆಂಬುದು ಅಮೆರಿಕದ ನಿಯಮ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರೇ ಅಪರೂಪವಾಗಿರುವಾಗ ಇಂಥ ಚಿಕಿತ್ಸೆ ಮಹಾನಗರಗಳಾಚೆ ತಲುಪುವುದು ಕಷ್ಟ.

ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಮತ್ತು ಕಾರ್ಯಕರ್ತರಿಗೆ ತರಬೇತಿ ನೀಡಿ, ಹಳ್ಳಿಯಲ್ಲಿಯೇ ಮನೋರೋಗಿಗಳ ಆರೈಕೆ ಸಾಧ್ಯವೆಂದು ತೋರಿಸಿತ್ತು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಅಲ್ಲಿ ಬಳಸಿದ್ದು ಯಾವ ಹೊಸ ಮದ್ದನ್ನೂ ಅಲ್ಲ.