ಛಡಿಯ ಭಕ್ತರಿಗೆ ಒಂದು ಉತ್ತರ

ಹಳೆಯ ವಿದ್ಯಾರ್ಥಿಗಳು ಮದುವೆ ಮನೆಗಳಲ್ಲಿ ಸಿಕ್ಕಾಗ ಮಾತು ತಪ್ಪದೆ ಒಂದು ಕಡೆಗೆ ತಿರುಗುತ್ತದೆ: ‘ಸಾರ್, ಈಗಿನ ಮಕ್ಕಳಿಗೆ ಭಯವೇ ಇಲ್ಲ. ನಾವು ಏಟು ತಿಂದೇ ಬೆಳೆದೆವು, ನಮಗೇನಾಯಿತು?’ ಹಿಂದೆಯೇ ‘ಛಡಿ ಛಂ ಛಂ, ವಿದ್ಯಾ ಘಂ ಘಂ’ ಎಂಬ ಗಾದೆಯೂ ಬರುತ್ತದೆ. ಈ ವಾದವನ್ನು ನಾನು ಒಪ್ಪಲಾರೆ. ಏಟಿಗೆ ಹೆದರಿ ಶಾಲೆ ಬಿಟ್ಟುಹೋದವನು ಸಾಕ್ಷಿ ಹೇಳಲು ಬರುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಶರೀರಶಾಸ್ತ್ರದ್ದು. ಅದನ್ನು ತುಸು ವಿವರವಾಗಿಯೇ ಹೇಳಬೇಕು.

ಭಯವಾದಾಗ ಮಿದುಳಿನ ಹೈಪೊಥಲಾಮಸ್ ಸಿ.ಆರ್.ಎಚ್. ಎಂಬ ಹಾರ್ಮೋನನ್ನು ಬಿಡುಗಡೆ ಮಾಡುತ್ತದೆ. ಅದನ್ನು ತಯಾರಿಸುವ ವಂಶವಾಹಿಯೂ ಚುರುಕಾಗುತ್ತದೆ. ಪಿಟ್ಯುಟರಿ ಗ್ರಂಥಿ ಎಚ್ಚೆತ್ತು ಸಂದೇಶ ಕಳುಹಿಸಿದೊಡನೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಸ್ರವಿಸುತ್ತವೆ. ಏರಿದ ಕಾರ್ಟಿಸಾಲ್ ಇಳಿಯಬೇಕಾದರೆ ಹಿಪೊಕ್ಯಾಂಪಸ್ ಎಂಬ ಭಾಗದಲ್ಲಿರುವ ಗ್ರಾಹಕಗಳು ಅದನ್ನು ಹಿಡಿದು ‘ಸಾಕು’ ಎಂಬ ಸೂಚನೆ ಕೊಡಬೇಕು. ಪಾಠ ನೆನಪಿಡಲು ಬೇಕಾದದ್ದೂ ಇದೇ ಹಿಪೊಕ್ಯಾಂಪಸ್ ಎಂಬುದನ್ನು ಛಡಿಯ ಭಕ್ತರು ಗಮನಿಸಲಿ!

ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮೈಕೆಲ್ ಮೀನಿ, ಮೋಶೆ ಶಿಫ್ ಮತ್ತು ಸಂಗಡಿಗರು 2004ರಲ್ಲಿ ಇಲಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಹುಟ್ಟಿದ ಮೊದಲ ವಾರದಲ್ಲಿ ತಾಯಿ ಹೆಚ್ಚು ನೆಕ್ಕಿ ಸಲಹಿದ ಮರಿಗಳಲ್ಲಿ ಈ ಗ್ರಾಹಕದ ವಂಶವಾಹಿ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಆರೈಕೆ ಕಡಿಮೆಯಾದ ಮರಿಗಳಲ್ಲಿ ಅದರ ಮೇಲೆ ಮೀಥೈಲ್ ಎಂಬ ರಾಸಾಯನಿಕ ಗುರುತುಗಳು ಹೆಚ್ಚಾಗಿ ಕುಳಿತು ಅದನ್ನು ಮಂಕಾಗಿಸಿದ್ದವು. ವಂಶವಾಹಿಯ ಅಕ್ಷರಗಳು ಬದಲಾಗಿರಲಿಲ್ಲ; ಪುಸ್ತಕ ಅದೇ, ಪುಟಗಳು ಅಂಟಿಕೊಂಡಿದ್ದವು. ಮರಿಗಳನ್ನು ಅದಲುಬದಲು ಮಾಡಿದಾಗ ಹೆತ್ತ ತಾಯಿಯದಲ್ಲ, ಸಾಕಿದ ತಾಯಿಯ ಪ್ರಭಾವವೇ ಕಂಡಿತು. ‘ಅವನ ವಂಶವೇ ಹಾಗೆ’ ಎಂದು ಕೈತೊಳೆದುಕೊಳ್ಳುವವರು ಇದಕ್ಕೇನೆನ್ನುತ್ತಾರೆ?

ಇಲಿಯ ಮಾತು ಮನುಷ್ಯನಿಗೇಕೆ ಎನ್ನಬಹುದು. 2009ರಲ್ಲಿ ಅದೇ ತಂಡ ತೀರಿಕೊಂಡ 36 ಜನರ ಮಿದುಳುಗಳನ್ನು ಪರೀಕ್ಷಿಸಿತು: ಬಾಲ್ಯದಲ್ಲಿ ದೌರ್ಜನ್ಯ ಅನುಭವಿಸಿ ಮುಂದೆ ಆತ್ಮಹತ್ಯೆ ಮಾಡಿಕೊಂಡವರು 12, ಅಂಥ ಬಾಲ್ಯವಿಲ್ಲದೆ ಆತ್ಮಹತ್ಯೆ ಮಾಡಿಕೊಂಡವರು 12, ಬೇರೆ ಕಾರಣದಿಂದ ಸತ್ತವರು 12. ಮೊದಲ ಗುಂಪಿನಲ್ಲಿ ಆ ವಂಶವಾಹಿ ಉಳಿದೆರಡು ಗುಂಪುಗಳಿಗಿಂತ ಮಂಕಾಗಿತ್ತು. ಸಂಖ್ಯೆ ಸಣ್ಣದು, ಅಲ್ಲಿಯ ದೌರ್ಜನ್ಯ ತೀವ್ರವಾದದ್ದು, ಅನಂತರದ ಅಧ್ಯಯನಗಳೆಲ್ಲ ಒಂದೇ ಫಲ ನೀಡಿಲ್ಲ. ಒಂದು ಏಟಿಗೆ ಮಗುವಿನ ಮಿದುಳು ಕೆಡುತ್ತದೆಂದು ನಾನು ಹೇಳುತ್ತಿಲ್ಲ. ಆದರೆ ದಿನವೂ ಹೆದರಿಸಿದರೆ ಮಗು ಗಟ್ಟಿಯಾಗುತ್ತದೆ ಎನ್ನುವವರ ಬಳಿ ಇಷ್ಟಾದರೂ ಪುರಾವೆ ಇದೆಯೇ?

ಹಾಗೆಂದು ಎಲ್ಲವೂ ಮುಗಿದುಹೋಯಿತೆಂದಲ್ಲ. ಎಳವೆಯಲ್ಲಿ ತಾಯಿಯಿಂದ ಅಗಲಿಸಿದ್ದ ಇಲಿಗಳನ್ನು ಮುಂದೆ ಸಂಗಡಿಗರೂ ಆಟಿಕೆಗಳೂ ಇರುವ ವಿಶಾಲ ಗೂಡುಗಳಲ್ಲಿ ಬೆಳೆಸಿದಾಗ ಅವುಗಳ ಅತಿಯಾದ ಹೆದರಿಕೆ ತಗ್ಗಿತು.

ನಮ್ಮ ದೇಶದ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎರಡನೆಯದು ಯಾರಿಗೂ ನೆನಪಿದ್ದಂತಿಲ್ಲ. ಛಡಿ ಬಿಟ್ಟವರು ಈಗ ಅಂಕಪಟ್ಟಿ ಹಿಡಿದಿದ್ದಾರೆ. ಕಿರುಪರೀಕ್ಷೆಯ ಅಂಕಗಳನ್ನು ಹೆಸರುಸಹಿತ ವಾಟ್ಸಾಪ್ ಗುಂಪಿನಲ್ಲಿ ಹಾಕಿ, ಕೊನೆಯ ಹೆಸರಿನ ಮಗುವನ್ನು ಇಡೀ ಊರಿಗೆ ತೋರಿಸುವುದು ಯಾವ ಶಿಕ್ಷಣಶಾಸ್ತ್ರ? ನನ್ನಲ್ಲಿ ಕಲಿತು ಈಗ ಅಧ್ಯಾಪಕರಾಗಿರುವವರು ನಿಮ್ಮಲ್ಲಿ ಕೆಲವರಿದ್ದೀರಿ. ಈ ಪ್ರಶ್ನೆಗೆ ನಿಮ್ಮಿಂದ ಉತ್ತರ ಬಯಸುತ್ತೇನೆ.