ಜಾರ್ಜ್‌ಗೆ ‘ಸಾಕು’ ಎನ್ನುವವರು ಇರಲಿಲ್ಲ

ಬ್ಯಾಂಡಿನವರೊಬ್ಬರು ಸ್ವಂತ ಆಲ್ಬಂ ತರುತ್ತಾರೆ ಅಂದಕೂಡಲೇ ಅಭಿಮಾನಿಗಳ ಮೊದಲ ಪ್ರಶ್ನೆ, ‘ಒಳಗೊಳಗೇ ಜಗಳವಂತೆ?’ ಬ್ಯಾಂಡ್ ಬಿಟ್ಟು ಒಬ್ಬನೇ ಹಾಡಿದರೆ ಅದು ಮನೆ ಮುರಿಯುವ ಕೆಲಸ ಎಂಬ ನಂಬಿಕೆ ನಮ್ಮದು. ಮದುವೆ, ಗಣೇಶೋತ್ಸವಗಳ ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ಎರಡನೇ ಗಿಟಾರ್ ಹಿಡಿದು ನಿಂತವನು ನಾನು. ಮುಂದೆ ನಿಂತ ಇಬ್ಬರು ಗಾಯಕರ ಪಟ್ಟಿ ಮುಗಿದು ನಮ್ಮ ಹಾಡಿನ ಸರದಿ ಬರುವಷ್ಟರಲ್ಲಿ ಹತ್ತು ಗಂಟೆಯಾಗಿ ಮೈಕ್ ಬಂದ್ ಆಗಿರುತ್ತದೆ. ಆ ಜಾಗದಲ್ಲಿ ನಿಂತವರಿಗೆ ಸೋಲೋ ಆಲ್ಬಂ ದ್ರೋಹವಾಗಿ ಕಾಣುವುದಿಲ್ಲ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ, ನಾನು ಬೀಟಲ್ಸ್ ಬ್ಯಾಂಡಿನ ಜಾರ್ಜ್ ಹ್ಯಾರಿಸನ್ ಕಡೆಯವನು. ತಕರಾರು ಇದ್ದೂ ಅವನ ಕಡೆಯವನು.

1958ರಲ್ಲಿ, ಮುಂದೆ ಬೀಟಲ್ಸ್ ಆದ ಜಾನ್ ಲೆನನ್‌ನ ಗುಂಪಿಗೆ ಸೇರುವಾಗ ಜಾರ್ಜ್‌ಗೆ ಹದಿನೈದರ ಆಸುಪಾಸು. ಬೀಟಲ್ಸ್ ಲೋಕವನ್ನೇ ಗೆದ್ದ ಮೇಲೂ ಅವನು ಗುಂಪಿನ ಚಿಕ್ಕ ಹುಡುಗನಾಗಿಯೇ ಉಳಿದ. ಹಾಡು ಕಟ್ಟುವವರು ಲೆನನ್ ಮತ್ತು ಮೆಕಾರ್ಟ್ನಿ. ಜಾರ್ಜ್‌ಗೆ ಒಂದು ಎಲ್‌ಪಿಯಲ್ಲಿ ಒಂದೋ ಎರಡೋ ಹಾಡು. ‘ರಿವಾಲ್ವರ್’ನಲ್ಲಿ ಮೂರು ಸಿಕ್ಕಿದ್ದೇ ದೊಡ್ಡದು. 1968ರ ‘ವೈಟ್ ಆಲ್ಬಂ’ನಲ್ಲಿ 30 ಹಾಡುಗಳಿದ್ದವು, ಅವನ ಪಾಲಿಗೆ ಬಂದದ್ದು ನಾಲ್ಕು. 1966ರಲ್ಲೇ ಬರೆದ ‘ಈಸಂಟ್ ಇಟ್ ಎ ಪಿಟಿ’ ಮೂಲೆಗೆ ಬಿದ್ದಿತ್ತು. 1969ರ ಜನವರಿಯಲ್ಲಿ ಬ್ಯಾಂಡಿನ ಅಭ್ಯಾಸ ಚಿತ್ರೀಕರಿಸುತ್ತಿದ್ದ ಕ್ಯಾಮೆರಾ ಎದುರೇ ‘ಆಲ್ ಥಿಂಗ್ಸ್ ಮಸ್ಟ್ ಪಾಸ್’ ಹಾಡನ್ನು ಎಲ್ಲರಿಗೂ ಕಲಿಸಿದ, ನುಡಿಸಿದರು, ಅಷ್ಟಕ್ಕೇ ನಿಂತಿತು. ಅದೇ ಜನವರಿ 10ರಂದು ಜಾರ್ಜ್ ಬ್ಯಾಂಡ್ ಬಿಟ್ಟು ಎದ್ದು ಮನೆಗೆ ಹೋದ; ಹೋದವನು ಸುಮ್ಮನೆ ಕೂರಲಿಲ್ಲ, ‘ವಾ-ವಾ’ ಎಂಬ ಹಾಡು ಬರೆದ. ಆಮೇಲೆ ವಾಪಸು ಬಂದ, ಅದು ಬೇರೆ ಮಾತು.

1970ರ ಏಪ್ರಿಲ್‌ನಲ್ಲಿ ಬೀಟಲ್ಸ್ ಒಡೆದ ಸುದ್ದಿ ಹೊರಬಿತ್ತು. ಮೇ ಕೊನೆಗೆಲ್ಲ ಜಾರ್ಜ್ ಆಬಿ ರೋಡ್ ಸ್ಟುಡಿಯೋ ಹೊಕ್ಕಿದ್ದ. ನವೆಂಬರ್ ಕೊನೆಗೆ ಬಂದದ್ದು ಒಂದಲ್ಲ, ಮೂರು ಎಲ್‌ಪಿಗಳ ಪೆಟ್ಟಿಗೆ, ‘ಆಲ್ ಥಿಂಗ್ಸ್ ಮಸ್ಟ್ ಪಾಸ್’. ಅವನಿಗೆ ಆಗ 27. ಮೆಕಾರ್ಟ್ನಿ ಅದೇ ವರ್ಷ ಎಲ್ಲ ವಾದ್ಯ ತಾನೇ ನುಡಿಸಿ ಒಂದು ಸಣ್ಣ ಆಲ್ಬಂ ಮಾಡಿದ್ದರೆ, ಜಾರ್ಜ್ ಜಾತ್ರೆಯನ್ನೇ ಕರೆಸಿದ: ರಿಂಗೊ, ಎರಿಕ್ ಕ್ಲಾಪ್ಟನ್, ಬಿಲ್ಲಿ ಪ್ರೆಸ್ಟನ್, ಕ್ಲಾಸ್ ಫೋರ್ಮನ್, ಬ್ಯಾಡ್‌ಫಿಂಗರ್ ತಂಡದವರು. ಪೆಟ್ಟಿಗೆಯ ಮೇಲಿನ ಕಪ್ಪುಬಿಳುಪು ಚಿತ್ರದಲ್ಲಿ ಅವನ ಫ್ರಿಯರ್ ಪಾರ್ಕ್ ಬಂಗಲೆಯ ಹುಲ್ಲುಹಾಸು. ಗಮ್‌ಬೂಟು ಹಾಕಿ ಕುಳಿತ ಗಡ್ಡದ ಜಾರ್ಜ್. ಸುತ್ತ ತೋಟದ ನಾಲ್ಕು ಕುಳ್ಳರ ಗೊಂಬೆಗಳು. ಆ ನಾಲ್ಕು ಯಾರು ಅಂತ ಜನ ಊಹಿಸದೆ ಬಿಟ್ಟಾರೆಯೇ!

ಇದರಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಸ್ಲೈಡ್ ಗಿಟಾರ್. ಬೆರಳಿಗೆ ಕೊಳವೆ ಸಿಕ್ಕಿಸಿಕೊಂಡು ತಂತಿಯ ಮೇಲೆ ಜಾರಿಸುವ ಈ ಕ್ರಮವನ್ನು ಜಾರ್ಜ್ ಗಂಭೀರವಾಗಿ ಹಿಡಿದದ್ದು ಬೀಟಲ್ಸ್ ಮುಗಿಯುವ ಹೊತ್ತಿಗೆ. ಅದಕ್ಕೂ ಮೊದಲು, 1966ರಲ್ಲಿ, ಮುಂಬೈಗೆ ಬಂದು ರವಿಶಂಕರರ ಬಳಿ ಸಿತಾರ್ ಕಲಿತಿದ್ದ. ಒಂದೆರಡು ವರ್ಷ ಪಟ್ಟು ಹಿಡಿದು, ಇದು ನನ್ನಿಂದಾಗದು ಎಂದು ಗಿಟಾರ್‌ಗೆ ಮರಳಿದ. ಸಿತಾರ್ ಬಿಟ್ಟರೂ ಸಿತಾರ್ ಅವನನ್ನು ಬಿಡಲಿಲ್ಲ ಅನ್ನುವುದು ನನ್ನ ಕಿವಿಯ ತೀರ್ಮಾನ. ‘ಮೈ ಸ್ವೀಟ್ ಲಾರ್ಡ್’ನಲ್ಲಿ ಎರಡು ಸ್ಲೈಡ್‌ಗಳು ಜೋಡಿಯಾಗಿ ಏರುವಾಗ ಸ್ವರದಿಂದ ಸ್ವರಕ್ಕೆ ಹಾರುವುದಿಲ್ಲ, ವೀಣೆಯ ಜಾರುವಿನ ಹಾಗೆ ನಡುವಿನ ದಾರಿಯನ್ನೆಲ್ಲ ಸವರಿಕೊಂಡು ಹೋಗುತ್ತವೆ. ಹಲ್ಲೆಲೂಯಾ ಎನ್ನುತ್ತಿದ್ದ ಹಿಮ್ಮೇಳ ನೋಡನೋಡುತ್ತಲೇ ಹರೇ ಕೃಷ್ಣಕ್ಕೆ ಹೊರಳಿ, ನಾವು ಶಾಲೆಯಲ್ಲಿ ಕೈಮುಗಿದು ಹೇಳುತ್ತಿದ್ದ ಗುರುವಂದನೆಯ ಶ್ಲೋಕವನ್ನೂ ಸೇರಿಸಿಕೊಳ್ಳುತ್ತದೆ. ಬೀಟಲ್ಸ್‌ನಿಂದ ಹೊರಬಂದವರಲ್ಲಿ ಮೊದಲು ಒಂದನೇ ಸ್ಥಾನಕ್ಕೇರಿದ ಸಿಂಗಲ್ ಇದೇ. ಹಿಂದಿನ ಸಾಲಿನವನ ಹಾಡು.

ಈಗ ತಕರಾರು. ಬ್ಯಾಂಡಿನಲ್ಲಿ ಅವನನ್ನು ತುಳಿದದ್ದು ನಿಜ. ಆದರೆ ತುಳಿದವರೇ ಅವನ ಹಾಡುಗಳಿಗೆ ಕತ್ತರಿಯನ್ನೂ ಹಿಡಿಯುತ್ತಿದ್ದರು. ಆಬಿ ರೋಡ್‌ಗೆ ಒಬ್ಬನೇ ಹೋದಾಗ ಆ ಕತ್ತರಿ ಜೊತೆಗೆ ಹೋಗಲಿಲ್ಲ. ‘ಈಸಂಟ್ ಇಟ್ ಎ ಪಿಟಿ’ ಒಂದೇ ಆಲ್ಬಂನಲ್ಲಿ ಎರಡು ಸಲ ಬರುತ್ತದೆ. ಮೊದಲನೆಯದೇ ಏಳು ನಿಮಿಷ. ಮೂರನೇ ಎಲ್‌ಪಿ ಪೂರ್ತಿ ಗೆಳೆಯರು ಸೇರಿ ಮನಸ್ಸಿಗೆ ಬಂದದ್ದನ್ನು ನುಡಿಸಿದ ಹರಟೆ. ನುಡಿಸಿದವರಿಗೆ ಖುಷಿ ಕೊಟ್ಟಿರಬೇಕು, ನಾನು ಮಾತ್ರ ಎದ್ದು ಕಾಫಿಗೆ ಹೋಗುತ್ತೇನೆ. ಜಾರ್ಜ್ ಜೊತೆ ನಿರ್ಮಾಪಕನಾಗಿದ್ದ ಫಿಲ್ ಸ್ಪೆಕ್ಟರ್ ಪ್ರತಿ ಹಾಡಿಗೂ ಸುರಿದ ಪ್ರತಿಧ್ವನಿ ಜಾಸ್ತಿಯಾಯಿತೆಂದು 2001ರ ಮರುಬಿಡುಗಡೆಯ ಹೊತ್ತಿಗೆ ಜಾರ್ಜ್‌ಗೇ ಅನ್ನಿಸಿತ್ತು.

ಇದೆಲ್ಲಕ್ಕಿಂತ ದುಬಾರಿಯಾದದ್ದು ‘ಮೈ ಸ್ವೀಟ್ ಲಾರ್ಡ್’. ಅದು ಶಿಫಾನ್ಸ್ ಎಂಬ ಹುಡುಗಿಯರ ತಂಡ 1963ರಲ್ಲಿ ಜನಪ್ರಿಯಗೊಳಿಸಿದ ‘ಹೀಸ್ ಸೋ ಫೈನ್’ನ ನಕಲು ಎಂದು ದಾವೆ ಬಿತ್ತು. ನ್ಯೂಯಾರ್ಕಿನಲ್ಲಿ ಕೇಸು ಕೇಳಿದ ನ್ಯಾಯಾಧೀಶ ರಿಚರ್ಡ್ ಓವನ್ ಸ್ವತಃ ಆಪೆರಾ ಸಂಯೋಜಕರು. ಎರಡೂ ಹಾಡುಗಳ ಸ್ವರ ಬಿಡಿಸಿ ತೀರ್ಪಿನಲ್ಲೇ ಬರೆದರು. ನಮ್ಮ ಲೆಕ್ಕದಲ್ಲಿ ಮೊದಲ ತುಣುಕು ಪ-ಗ-ರಿ, ಎರಡನೆಯದು ಪ-ದ-ಸ-ದ-ಸ. ಮೋಹನ ರಾಗ ಕಲಿತ ಯಾವ ಮಗುವೂ ಗುನುಗಬಹುದಾದ ಸ್ವರಗಳು. (ಈ ಅಳತೆ ಹಿಡಿದರೆ ನಮ್ಮ ಭಜನಾ ಮಂಡಳಿಗಳಲ್ಲಿ ಅರ್ಧಕ್ಕರ್ಧ ಕೋರ್ಟಿನಲ್ಲಿರಬೇಕಿತ್ತು.) ಆದರೆ ಆ ಎರಡು ತುಣುಕುಗಳು ಅದೇ ಕ್ರಮದಲ್ಲಿ, ಹೆಚ್ಚುಕಡಿಮೆ ಅಷ್ಟೇ ಸಲ ಮರುಕಳಿಸುತ್ತವಲ್ಲ, ಅಲ್ಲಿ ಸಿಕ್ಕಿಬಿದ್ದ. ಬೇಕೆಂದು ಕದ್ದದ್ದಲ್ಲ, ಒಳಮನಸ್ಸು ಮಾಡಿದ ಕೆಲಸ, ಆದರೂ ನಕಲು ನಕಲೇ ಎಂದು 1976ರಲ್ಲಿ ತೀರ್ಪು ಬಂತು. ಹಣದ ವ್ಯಾಜ್ಯ ಅಲ್ಲಿಂದ ಮುಂದೆ ಎರಡು ದಶಕ ಎಳೆಯಿತು.

ಬೀಟಲ್ಸ್ ದಿನಗಳಲ್ಲಿ ‘ಯೆಸ್ಟರ್‌ಡೇ’ಯ ರಾಗ ಹೊಳೆದಾಗ ಮೆಕಾರ್ಟ್ನಿ, ಇದನ್ನು ಎಲ್ಲಾದರೂ ಕೇಳಿದ್ದೀರಾ ಎಂದು ಸಿಕ್ಕಸಿಕ್ಕವರನ್ನೆಲ್ಲ ಕೇಳಿಕೊಂಡು ತಿರುಗಿದ್ದ. ಜಾರ್ಜ್‌ನ ಪಕ್ಕದಲ್ಲಿ ‘ಮೈ ಸ್ವೀಟ್ ಲಾರ್ಡ್’ ಧ್ವನಿಮುದ್ರಣದ ಹೊತ್ತಿಗೆ ಇದ್ದವನು ಫಿಲ್ ಸ್ಪೆಕ್ಟರ್, ಅಂಥದೇ ಹುಡುಗಿಯರ ತಂಡಗಳ ಹಾಡುಗಳಿಂದ ಹೆಸರು ಮಾಡಿದವನು. ಅವನೂ ತಡೆಯಲಿಲ್ಲ. ಆ ಕೋಣೆಯಲ್ಲಿದ್ದವರಲ್ಲಿ ಹೆಚ್ಚಿನವರು ಒಂದೋ ಅತಿಥಿಗಳು, ಇಲ್ಲವೇ ಕರೆಸಿಕೊಂಡ ಕಲಾವಿದರು. ‘ಲೇ, ಇದು ಎಲ್ಲೋ ಕೇಳಿದ್ದಲ್ವೇನೋ?’ ಅನ್ನುವ ಸಲಿಗೆ ಹದಿಹರೆಯದಿಂದ ಒಟ್ಟಿಗೆ ನುಡಿಸಿದವರಿಗೆ ಇರುವಷ್ಟು ಅವರಿಗೆ ಇರಲಿಲ್ಲ.

ಹಾಗಂತ ಬ್ಯಾಂಡಿನಲ್ಲೇ ಬಿದ್ದಿರಬೇಕಿತ್ತೇ? ಖಂಡಿತ ಇಲ್ಲ. ಆ ಪೆಟ್ಟಿಗೆ ಬರದಿದ್ದರೆ ಎಷ್ಟೋ ಒಳ್ಳೆಯ ಹಾಡುಗಳು ಮೂಲೆಯಲ್ಲೇ ಕೊಳೆಯುತ್ತಿದ್ದವು. ಸೋಲೋ ಮಾಡುವವನನ್ನು ಜಗಳಗಂಟ ಅನ್ನುವ ಬದಲು, ನಿನ್ನ ಹಾಡಿಗೆ ಈಗ ಬೇಡ ಎನ್ನುವವರು ಯಾರಪ್ಪಾ ಎಂದು ಕೇಳಬೇಕು. ಜಾರ್ಜ್ ಅದಕ್ಕೆ ತಡವಾಗಿ ಉತ್ತರ ಕೊಟ್ಟ. 1988ರಲ್ಲಿ ಬಾಬ್ ಡಿಲನ್ ಮನೆಯ ಗ್ಯಾರೇಜಿನಲ್ಲಿ ಡಿಲನ್, ರಾಯ್ ಆರ್ಬಿಸನ್, ಟಾಮ್ ಪೆಟ್ಟಿ, ಜೆಫ್ ಲಿನ್ ಜೊತೆ ಒಂದು ಹಾಡು ಕಟ್ಟಲು ಕೂತ. ಅಲ್ಲಿದ್ದ ರಟ್ಟಿನ ಡಬ್ಬದ ಮೇಲಿನ ‘ಹ್ಯಾಂಡಲ್ ವಿತ್ ಕೇರ್’ ಎಂಬ ಚೀಟಿಯೇ ಹಾಡಿನ ಹೆಸರಾಯಿತು. ಅದರಿಂದ ಹುಟ್ಟಿದ್ದು ಟ್ರಾವೆಲಿಂಗ್ ವಿಲ್ಬರೀಸ್ ಬ್ಯಾಂಡ್. ಅದರ ಆಲ್ಬಂನಲ್ಲಿ ಎಲ್ಲರದೂ ಸುಳ್ಳು ಹೆಸರು, ಹಾಡುಗಳ ಶ್ರೇಯ ಇಡೀ ಬ್ಯಾಂಡಿಗೆ.