ಬಾಡಿಗೆಯ ಯಂತ್ರ, ಹೊಲದ ಬೇರು



ಕಳೆದ ಮಾಘಮಾಸದಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಭಕ್ತರೊಬ್ಬರ ಮನೆಗೆ ಪ್ರಸಾದಕ್ಕೆ ಹೋಗಿದ್ದೆವು. ಅವರ ಹೊಲ ಬಂಡೀಪುರದ ಕಾಡಿಗೆ ಸಮೀಪ. ಬದುವಿನ ಉದ್ದಕ್ಕೂ ಲಂಟಾನದ ಪೊದೆ ಆಳೆತ್ತರ ಬೆಳೆದಿತ್ತು. ನಡುನಡುವೆ ಹಳದಿ ಹೂವಿನ ಸೆನ್ನಾ ಮರಗಳು ತಲೆಯೆತ್ತಿದ್ದವು. "ಸಂಜೆ ಗಾಳಿ ನಿಂತ ಮೇಲೆ ಬೆಂಕಿ ಹಾಕಿಬಿಡುತ್ತೇವೆ, ಬುದ್ಧಿ" ಎಂದರು ಯಜಮಾನರು.

ನಾವು ಬೇಡವೆಂದೆವು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕ ಅರಣ್ಯ ಸುಟ್ಟುಹೋದುದನ್ನು ಆ ಸೀಮೆಯವರು ಮರೆತಿಲ್ಲ. ಒಣಗಿದ ಲಂಟಾನವೇ ಅಂದು ಬೆಂಕಿಗೆ ಉರುವಲಾಗಿ ಒದಗಿತ್ತು.

ಮರಗಳ ವಿಷಯವನ್ನು ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಂಡು ಅವರು ಚಿಪ್ಪರ್ ಯಂತ್ರವನ್ನು ಬಾಡಿಗೆಗೆ ತರಿಸಿದರು. ಸ್ವಂತ ಹೊಲದ ಮರವಾದರೂ 1976ರ ವೃಕ್ಷ ಸಂರಕ್ಷಣಾ ಕಾಯಿದೆಯ ಕಟ್ಟಳೆಯುಂಟು. ಕಾಡಿನ ಎಲ್ಲೆಯೊಳಗಿನ ಕಡ್ಡಿಯನ್ನಂತೂ ಮುಟ್ಟಲಾಗದು.

ಟ್ರ್ಯಾಕ್ಟರಿನ ಬಲದಿಂದ ನಡೆಯುವ ಈ ಯಂತ್ರದೊಳಗೆ ಉಕ್ಕಿನ ಅಲಗುಗಳುಳ್ಳ ಉರುಳೆ ಭರದಿಂದ ತಿರುಗುತ್ತದೆ. ಬಾಯಿಗಿಟ್ಟ ಕೊಂಬೆಯನ್ನು ತಾನೇ ಒಳಗೆಳೆದು ಚೂರು ಮಾಡಿ ಹೊರಚೆಲ್ಲುತ್ತದೆ. ಬಾಡಿಗೆ ಗಂಟೆಯ ಲೆಕ್ಕ. ಆದ್ದರಿಂದ ಯಜಮಾನರು ಮುನ್ನಾ ದಿನವೇ ಎಲ್ಲವನ್ನೂ ಕಡಿಸಿ, ಬುಡಗಳೆಲ್ಲ ಒಂದೇ ಕಡೆಗೆ ಬರುವಂತೆ ಒಟ್ಟಿಸಿ, ಕಲ್ಲು ತಂತಿಗಳನ್ನು ಆಯಿಸಿದ್ದರು. ಇದು ಬುದ್ಧಿವಂತಿಕೆ.

ಆದರೆ ಅವರ ಮಗ ಹೆಗಲ ಮೇಲೆ ಶಲ್ಯ ಹಾಕಿಕೊಂಡೇ ಕೆಲಸಕ್ಕೆ ನಿಂತಿದ್ದ. ಕವಲೊಡೆದ ಕೊಂಬೆಯೊಂದು ಹೊರಳಿ ಶಲ್ಯದ ಸೆರಗನ್ನು ಸಿಕ್ಕಿಸಿಕೊಂಡು ಒಳಗೆ ನುಗ್ಗಿತು. ಯಂತ್ರದವನು ತಕ್ಷಣ ನಿಲ್ಲಿಸುವ ಸರಳನ್ನು ಒತ್ತಿದ. ಶಲ್ಯ ಹೋಯಿತು, ಕೈ ಉಳಿಯಿತು. ತಾಯಿ ಬಹಳ ಹೊತ್ತು ಮಾತನಾಡಲಿಲ್ಲ.

ಆದಕಾರಣ ಹೇಳುತ್ತೇವೆ: ಯಂತ್ರದ ಮುಂದೆ ಶಲ್ಯ, ಸಡಿಲ ಪಂಚೆ ಸಲ್ಲದು. ಕೊರಳ ಶಿವದಾರವನ್ನು ಅಂಗಿಯೊಳಗೆ ಭದ್ರಪಡಿಸಿಕೊಳ್ಳಬೇಕು. ಕಣ್ಣಿಗೆ ಕನ್ನಡಕವಿರಲಿ. ಬಾಯಿಗೆ ನೇರವಾಗಿ ನಿಲ್ಲದೆ ಪಕ್ಕದಲ್ಲಿ ನಿಂತು, ಬುಡವನ್ನು ಮೊದಲು ಕೊಟ್ಟು ಕೈಬಿಡಬೇಕು. ಸಿಕ್ಕಿಕೊಂಡರೆ ಎಂಜಿನ್ ಆರಿಸಿ, ಉರುಳೆ ಪೂರ್ತಿ ನಿಂತ ಮೇಲೆಯೇ ಬಿಡಿಸಬೇಕು. ಮಕ್ಕಳನ್ನು ಹತ್ತಿರ ಬಿಡಬಾರದು.

ಚೂರನ್ನು ಬಾಳೆಯ ಸಾಲಿನಲ್ಲಿ ನಾಲ್ಕು ಬೆರಳು ದಪ್ಪಕ್ಕೆ, ಬುಡಕ್ಕೆ ತಾಗದಂತೆ ಹರಡಿದರು. ಅದು ಮಣ್ಣಿನ ತೇವವನ್ನು ಕಾಯುತ್ತದೆ. ಹಸಿ ಚೂರನ್ನು ಮಣ್ಣಿನಲ್ಲಿ ಬೆರೆಸಿದರೆ ಅದು ಕೊಳೆಯುವಾಗ ಬೆಳೆಗೆ ಸಲ್ಲಬೇಕಾದ ಸಾರಜನಕವನ್ನು ಹೀರುತ್ತದೆ. ಕಾಯಿ ಬಿಟ್ಟ ಲಂಟಾನವನ್ನು ಹರಡಿದರೆ ಬೀಜವನ್ನೇ ಬಿತ್ತಿದಂತೆ. ಅದರ ಎಲೆ ದನಗಳ ಯಕೃತ್ತಿಗೆ ವಿಷ, ಕೊಟ್ಟಿಗೆಯತ್ತ ಒಯ್ಯಬಾರದು. ನಮ್ಮದೇ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿಗಳಿಂದ ಕುರ್ಚಿ, ಬುಟ್ಟಿಗಳನ್ನು ಮಾಡಿದ್ದಾರೆ. ಕಳೆಯೆಂದದ್ದೂ ಕೈ ದುಡಿದರೆ ಉಪಯೋಗಕ್ಕೆ ಬರುತ್ತದೆ.

ಸಂಜೆಗೆ ಯಂತ್ರ ಹಿಂದಿರುಗಿತು. ಬೇರು ಮಾತ್ರ ಹೊಲದಲ್ಲೇ ಉಳಿದಿತ್ತು. ಲಂಟಾನವೂ ಸೆನ್ನಾವೂ ಕಡಿದಷ್ಟೂ ಚಿಗುರುವ ಜಾತಿ. ಲಂಟಾನದ ತಾಯಿಬೇರನ್ನು ನೆಲಮಟ್ಟದಿಂದ ಎರಡು ಬೆರಳು ಕೆಳಗೆ ಕತ್ತರಿಸಿ, ಬುಡವನ್ನು ತಲೆಕೆಳಗಾಗಿ ಒಣಗಹಾಕಬೇಕು. ಸೆನ್ನಾದ ಬುಡವನ್ನು ಬೇರುಸಹಿತ ಅಗೆಯಬೇಕು. ಹಕ್ಕಿಗಳು ತಂದುಹಾಕುವ ಬೀಜ ಮುಂಗಾರಿನಲ್ಲಿ ಮೊಳೆತಾಗ ಸಸಿಗಳನ್ನು ಕೀಳಬೇಕು. ಈ ಕಾವಲು ವರ್ಷ ವರ್ಷವೂ ನಡೆಯಬೇಕು.

ಯಂತ್ರವನ್ನು ಬಾಡಿಗೆಗೆ ತರಬಹುದು, ಈ ಎಚ್ಚರವನ್ನು ತರಲಾಗದು. ಮೊನ್ನೆ ಆ ಹುಡುಗ ನಮ್ಮನ್ನು ಕಾಣಲು ಬಂದಿದ್ದ. ಬದುವಿನಲ್ಲಿ ಅರ್ಧದಷ್ಟು ಬೇರು ಮುಗಿದಿದೆಯಂತೆ. ಉಳಿದುದನ್ನು ಮಳೆಗೆ ಮುನ್ನ ಮುಗಿಸಲೆಂದು ಹರಸಿ ಕಳಿಸಿದೆವು.